ಅಂಗೈಗೆ ಅಂಟಿದ ನೀಲಿ

"ಈ ಹುಲ್ಲು ಯಾವ ದೇಶದ್ದು ರೀ?"

ವಿಸ್ಟಿನ್ ತಲೆಯೆತ್ತಿದ. ಮೇಜಿನ ಆಚೆ ಒಬ್ಬಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೂದಲಲ್ಲಿ ಕಲ್ಲಿನ ಪುಡಿ, ಉಗುರಲ್ಲಿ ಒಣಗಿದ ಮಣ್ಣು, ಕಣ್ಣಲ್ಲಿ ತುಂಟ ನಗು. ಬೆಳಗಿನಿಂದ ಪ್ರದರ್ಶನಕ್ಕೆ ಬಂದವರೆಲ್ಲ ಅವನ ಪುಟ್ಟ ಸ್ಪಿಟ್‌ಫೈರ್ ಮಾದರಿ ವಿಮಾನವನ್ನು ಹೊಗಳಿ ಹೊಗಳಿ ಹೋಗಿದ್ದರು. ಇವಳೊಬ್ಬಳು ಮಾತ್ರ ವಿಮಾನ ಬಿಟ್ಟು ಅದರ ಚಕ್ರದ ಕೆಳಗಿದ್ದ ಹುಲ್ಲನ್ನು ದಿಟ್ಟಿಸುತ್ತಿದ್ದಳು.

"ಅಂಗಡೀದು," ಅಂದ ಅವನು.

"ಅದು ಕಾಣ್ತಿದೆ. ಫಲಕದ ಮೇಲೆ ತಾ-ಆಲಿ ವಿಮಾನ ನಿಲ್ದಾಣ, ಜೂನ್ ತಿಂಗಳು, ಯುದ್ಧದ ಕಾಲ ಅಂತ ಬರ್ದಿದ್ದೀರ. ಜೂನ್‌ನಲ್ಲಿ ತಾ-ಆಲಿಯಲ್ಲಿ ಹಸಿರು ಹುಲ್ಲು ಕಂಡಿರೋ ಕತ್ತೆ ಇಡೀ ಮಾಲ್ಟಾದಲ್ಲಿ ಒಂದೂ ಇಲ್ಲ. ನಿಮ್ಮ ವಿಮಾನ ಚೆನ್ನಾಗಿದೆ. ಆದ್ರೆ ಅದಿನ್ನೂ ನಮ್ಮೂರಿಗೆ ಇಳಿದೇ ಇಲ್ಲ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ವಿಸ್ಟಿನ್ ಕಿವಿ ಕೆಂಪಾಯಿತು. ಹಗಲೆಲ್ಲ ಹ್ಯಾಂಗರಿನಲ್ಲಿ ದೊಡ್ಡ ವಿಮಾನಗಳಿಗೆ ಬಣ್ಣ ಬಳಿಯುವುದು ಅವನ ಕೆಲಸ. ಸಂಜೆ ಮನೆಗೆ ಬಂದು ಪುಟ್ಟ ವಿಮಾನ ಕಟ್ಟುವುದು ಅವನ ಹುಚ್ಚು. ರೆಕ್ಕೆಯ ಒಂದು ಮೊಳೆಯ ತಲೆ ತಪ್ಪಿದರೂ ನಿದ್ದೆ ಬಾರದ ಜಾತಿ. ಅಂಥವನಿಗೆ ಎಲ್ಲರೆದುರು ಹುಲ್ಲಿನ ಪಾಠ!

"ನೀವು ಕ್ರಿಸ್ಮಸ್ ಗೋದಲಿಯ ಬೊಂಬೆ ಮಾಡೋರಲ್ವಾ?" ಅವನು ಅವಳ ಕೈಯ ಮಣ್ಣು ನೋಡಿ ಕೇಳಿದ. "ಮುಂದಿನ ಕುರಿ ಆನೆಯಷ್ಟು, ಹಿಂದಿನ ಕುರಿ ಇರುವೆಯಷ್ಟು. ಅಳತೆ ಅನ್ನೋದೇ ಗೊತ್ತಿಲ್ದೋರು ನಮಗೆ ನಿಜ ಹೇಳ್ಕೊಡ್ತೀರಾ?"

"ದೂರದ್ದು ಚಿಕ್ಕದಾಗಿ ಕಾಣುತ್ತೆ ಸ್ವಾಮಿ. ಅದೂ ನಿಜವೇ."

ಅಷ್ಟು ಹೇಳಿ ಅವಳು ಹೊರಟೇ ಹೋದಳು. ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಬಿಡಿ. ಅಟ್ಟಾರ್ಡ್ ಊರಲ್ಲಿ ಗೋದಲಿ ಮಾಡುವ ಮಾರ್ತೀಸಳನ್ನು ಅರಿಯದವರು ಯಾರು?

ಕ್ರಿಸ್ಮಸ್ ಬಂತೆಂದರೆ ನಮ್ಮ ಒಂದೊಂದು ಮನೆಯಲ್ಲೂ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ, ಇರಲೇಬೇಕು. ಬೆಟ್ಟ, ಗವಿ, ಗಾಳಿಗಿರಣಿ, ಕುರುಬರು, ಮಲಗಿದವನು, ಗೋಡೆ ಹತ್ತುವವನು, ಆಕಾಶ ನೋಡಿ ಬೆರಗಾಗಿ ಎರಡೂ ಕೈ ಎತ್ತಿದವನು. ಮಾರ್ತೀಸಳ ಅಪ್ಪ, ಅಜ್ಜ ಇಬ್ಬರೂ ಅದನ್ನೇ ಮಾಡಿದವರು. ಅವಳ ಕಾರ್ಯಾಗಾರ ಇದ್ದದ್ದು ತಾ-ಆಲಿಯ ಆ ಹಳೇ ವಿಮಾನ ನಿಲ್ದಾಣದಲ್ಲೇ, ಸೈನ್ಯದವರು ಬಿಟ್ಟುಹೋದ ತಗಡಿನ ಕಮಾನು ಶೆಡ್ಡಿನಲ್ಲಿ. ಕಾಲಕೆಳಗಿನ ಮಣ್ಣಿನ ಬಣ್ಣ ಅವಳಿಗೆ ಬಾಯಿಪಾಠ.

ವಿಸ್ಟಿನ್‌ಗೆ ಆಮೇಲೆ ಊಟ ರುಚಿಸಲಿಲ್ಲ. ಸಿಟ್ಟು ಅಂದುಕೊಂಡ. ಸಿಟ್ಟಿಗೆ ಅಷ್ಟೊಂದು ಸಲ ಒಬ್ಬಳ ಕಣ್ಣು ನೆನಪಾಗುತ್ತದೆಯೇ? ಪಾಪ, ಅವನಿಗೆ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಅವನು ಅವಳ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಗಿಣ್ಣು ತುಂಬಿದ ಬಿಸಿ ಪಸ್ತಿಜ್ಜಿಯ ಪೊಟ್ಟಣ, ಇನ್ನೊಂದರಲ್ಲಿ ವಿಮಾನದ ಡಬ್ಬಿ.

"ಹುಲ್ಲು ಕಿತ್ತು ಹಾಕಿದೆ," ಅಂದ. "ನೆಲ ತೋರಿಸಿ."

ಮಾರ್ತೀಸ್ ಒಂದು ಪಸ್ತಿಜ್ಜಿ ಕೈಗೆತ್ತಿಕೊಂಡಳು. ಸೋತು ಬಂದವನ ಮುಖ ಹೀಗಿರುವುದಿಲ್ಲ, ಇವನು ಕಲಿಯಲು ಬಂದಿದ್ದಾನೆ... ಅವಳು ಮೇಜಿನ ಮೇಲೆ ಡಬ್ಬಿಗೆ ಜಾಗ ಮಾಡಿದಳು.

ನೆಲ ತೋರಿಸುವುದಕ್ಕೆ ಅವಳಿಗೂ ಒಂದು ಕಾರಣವಿತ್ತು, ಅದರ ಹೆಸರು ಚೆಟ್ಟೀನಾ, ಅವಳ ಅಜ್ಜಿ.

ತೊಂಬತ್ತರ ಹತ್ತಿರ ಬಂದ ಅಜ್ಜಿಗೆ ಬೇಕಾಗಿದ್ದದ್ದು ಒಂದೇ. ಎರಡನೇ ಮಹಾಯುದ್ಧದ ಆ ಬೇಸಿಗೆಯಲ್ಲಿ ಅಜ್ಜಿಯ ಅಪ್ಪ ತಾ-ಆಲಿಯಲ್ಲಿ ಕೂಲಿಗೆ ಹೋಗುತ್ತಿದ್ದ. ಬಾಂಬಿನಿಂದ ವಿಮಾನಗಳನ್ನು ಕಾಪಾಡಲು ಖಾಲಿ ಪೆಟ್ರೋಲ್ ಡಬ್ಬಗಳಿಗೆ ಮಣ್ಣು ತುಂಬಿ, ಒಂದರ ಮೇಲೊಂದು ಪೇರಿಸಿ, ಮೂರು ಕಡೆ ಗೋಡೆ ಕಟ್ಟುತ್ತಿದ್ದರು. ಸೂರಿಲ್ಲದ ಕೊಟ್ಟಿಗೆ ಅನ್ನಿ. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ಕೆಡವಿದರು. ಅಪ್ಪ ಕಟ್ಟಿದ ಆ ಕೊಟ್ಟಿಗೆಯನ್ನು ಕಣ್ಣು ಮಂಜಾಗುವ ಮುಂಚೆ ಇನ್ನೊಂದು ಸಲ ನೋಡಬೇಕು, ಒಳಗೆ ವಿಮಾನವೂ ನಿಂತಿರಬೇಕು ಅಂತ ಅಜ್ಜಿ ಹಟ ಹಿಡಿದಿದ್ದಳು. ಗೋಡೆ ಮಾರ್ತೀಸ್ ಮಾಡಬಲ್ಲಳು. ವಿಮಾನ?

ಹೀಗೆ ಇಬ್ಬರ ಒಪ್ಪಂದವಾಯಿತು. ನೆಲ ಅವಳದ್ದು, ವಿಮಾನ ಅವನದ್ದು. ಡಿಸೆಂಬರಿನ ದೊಡ್ಡ ಪ್ರದರ್ಶನಕ್ಕೆ ತಯಾರಾಗಬೇಕು, ಅಜ್ಜಿ ಅಲ್ಲಿಗೇ ಬಂದು ನೋಡಬೇಕು.

ಒಪ್ಪಂದ ಸುಲಭ. ಜಗಳ ಅದಕ್ಕಿಂತ ಸುಲಭ!

ತಂಪು ಪಾನೀಯದ ತಗಡು ಕತ್ತರಿಸಿ ಮಾರ್ತೀಸ್ ಬೆರಳ ತುದಿಯಷ್ಟು ಡಬ್ಬಗಳನ್ನು ಮಡಿಚುತ್ತಿದ್ದಳು. ಹಿಂದಿನ ಗೋಡೆಯ ಡಬ್ಬಗಳನ್ನು ಗೋದಲಿಯ ಅಭ್ಯಾಸದಂತೆ ಒಂದಿಷ್ಟು ಚಿಕ್ಕದು ಮಾಡಿದಳು. ಅವನು ಅಳತೆಪಟ್ಟಿ ತಂದು ಹಿಡಿದ. ಅಲ್ಲಿಂದ ಶುರು. ಕಣ್ಣಿಗೆ ಕಾಣುವುದು ಮುಖ್ಯ ಅಂತ ಅವಳು, ಇದ್ದದ್ದು ಮುಖ್ಯ ಅಂತ ಅವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಒಬ್ಬರಿದ್ದರೆ ಸಾಕು, ಇಲ್ಲಿ ಇಬ್ಬರು.

ಅಜ್ಜಿಯ ಹತ್ತಿರ ಪಂಚಾಯಿತಿ ಹೋಯಿತು. ಅಜ್ಜಿ ಭಾನುವಾರದ ಮೊಲದ ಸಾರು ತಿರುವುತ್ತಾ ತೀರ್ಪು ಕೊಟ್ಟಳು: "ನಮ್ಮಪ್ಪ ಹೊತ್ತ ಡಬ್ಬ ಎಲ್ಲಾ ಒಂದೇ ಭಾರ ಇತ್ತು. ಹಿಂದಿನ ಗೋಡೆದು ಅಂತ ಯಾವ್ದೂ ಹಗುರ ಆಗ್ಲಿಲ್ಲ."

ಮಾರ್ತೀಸ್ ಹಿಂದಿನ ಗೋಡೆ ಬಿಚ್ಚಿ ಮತ್ತೆ ಕಟ್ಟಿದಳು. ವಿಸ್ಟಿನ್ ಬೀಗಲಿಲ್ಲ. ಪಕ್ಕದಲ್ಲಿ ಕೂತು ಡಬ್ಬ ಮಡಿಚಿಕೊಟ್ಟ. ಅವತ್ತು ಅವಳಿಗೆ ಅವನು ಇಷ್ಟವಾದ. ಗೆದ್ದ ಮೇಲೂ ಕೆಲಸಕ್ಕೆ ಕೈ ಹಾಕುವ ಗಂಡಸು ಎಷ್ಟು ಜನ ಸಿಗ್ತಾರೆ, ನೀವೇ ಹೇಳಿ.

ಆಮೇಲೆ ಬಣ್ಣ. ಇದು ನಮ್ಮ ದ್ವೀಪದ ದೊಡ್ಡ ವ್ಯಾಜ್ಯ. ಹಡಗಿನಿಂದ ಹಾರಿ ಬಂದ ಮರಳುಬಣ್ಣದ ವಿಮಾನಗಳು ಸಮುದ್ರದ ಮೇಲೆ ಎದ್ದು ಕಾಣುತ್ತವೆ ಅಂತ ಇಲ್ಲಿ ಅವಸರದಲ್ಲಿ ನೀಲಿ ಬಳಿದರು. ಯಾವ ನೀಲಿ? ಫೋಟೋಗಳೆಲ್ಲ ಕಪ್ಪು ಬಿಳುಪು. ಮಾದರಿ ವಿಮಾನ ಸಂಘದ ಅಧ್ಯಕ್ಷರಾದ ಸುರ್ ಲೊನ್ಜು, ಅಂದರೆ ನಮ್ಮ ಲೊನ್ಜು ಸಾಹೇಬರು, ಕಡುನೀಲಿಯ ಪಕ್ಷ. ಅವರ ಸ್ವಂತ ಭಾವಮೈದುನ ಬೂದುನೀಲಿಯ ಪಕ್ಷ. ಇಬ್ಬರೂ ಒಂದೇ ಬೀದಿಯಲ್ಲಿದ್ದು ಮಾತು ಬಿಟ್ಟು ವರ್ಷಗಳಾಗಿವೆ.

ವಿಸ್ಟಿನ್ ಹತ್ತಾರು ನೀಲಿ ಬೆರೆಸಿ, ತಗಡಿನ ತುಂಡುಗಳಿಗೆ ಬಳಿದು ಅಜ್ಜಿಯ ಅಡುಗೆಮನೆಗೆ ಒಯ್ದ. ಅವತ್ತು ಮಾರ್ತೀಸ್ ಬ್ರೆಡ್ಡು ತರಲು ಹೋಗಿದ್ದಳು. ವಾಪಸ್ ಬಂದಾಗ ಅಜ್ಜಿಯ ಕೈ ವಿಸ್ಟಿನ್‌ನ ಕೈಯೊಳಗಿತ್ತು, ಅಜ್ಜಿಯ ಕಣ್ಣು ಒದ್ದೆಯಾಗಿತ್ತು. ಇವಳನ್ನು ಕಂಡದ್ದೇ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಏನು ವಿಷಯ ಅಂತ ಕೇಳಿದರೆ ವಿಸ್ಟಿನ್ ನೀಲಿ ಸಿಕ್ಕಿತು ಅಂದ, ಅಷ್ಟೇ. ಮಾರ್ತೀಸ್ ಒತ್ತಾಯಿಸಲಿಲ್ಲ. ಅಜ್ಜಿಯ ಕೈ ಹಿಡಿದು ಕೂರುವವನ ಬಗ್ಗೆ ಅನುಮಾನ ಪಡುವುದೇನು!

ಬೇಸಿಗೆ ಕಳೆಯಿತು. ಅವಳು 'ನೀವು' ಬಿಟ್ಟು 'ನೀನು' ಅಂದದ್ದು ಯಾವಾಗ ಅಂತ ಇಬ್ಬರಿಗೂ ನೆನಪಿಲ್ಲ. ಅವನು ಸೂಜಿಯಂಥ ಕುಂಚದಿಂದ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಎದುರು ಕೂತ ಅವಳೂ ತನಗರಿವಿಲ್ಲದೆ ಬಿಗಿಹಿಡಿಯುತ್ತಿದ್ದಳು. ಗೆರೆ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟು ನಗುತ್ತಿದ್ದರು.

'ಇವನ ಜೊತೆ ನಾನು ಹೀಗೇ ಮುದುಕಿಯಾಗಬಲ್ಲೆ...' ಒಂದು ಸಂಜೆ ಅವಳಿಗೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಪ್ರದರ್ಶನ ಮುಗಿಯಲಿ, ನಾನೇ ಹೇಳ್ತೀನಿ ಅಂತ ತೀರ್ಮಾನ ಮಾಡಿಬಿಟ್ಟಳು.

ನವೆಂಬರ್ ಬಂತು. ಮಾರ್ತೀಸಳ ಮೇಜಿನ ತುಂಬ ಊರಿನ ಕುರುಬರು. ನಮ್ಮಲ್ಲೊಂದು ಪದ್ಧತಿ. ಗೋದಲಿ ಜೋಡಿಸುವ ಮುಂಚೆ ಮೂಗು ಮುರಿದ, ಬಣ್ಣ ಕಿತ್ತ ಮಣ್ಣಿನ ಬೊಂಬೆಗಳನ್ನೆಲ್ಲ ಅವಳ ಹತ್ತಿರ ತಂದಿಡುತ್ತಾರೆ. ಅವಳು ತಿದ್ದಿ ಕೊಡುತ್ತಾಳೆ. ತಿದ್ದಿದ್ದನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ಹಸಿ ಬಣ್ಣದ ಮೇಲೆ ಯಾರದೋ ಉಗುರು ತಾಕಿದ ಗುರುತಿದ್ದರೆ ಮುಚ್ಚುತ್ತಾಳೆ, ಯಾಕೆ ಹೀಗಾಯಿತು ಅಂತ ಕೇಳುವುದಿಲ್ಲ. ತನ್ನ ಕೈತಪ್ಪು ಬಯಲಾಗುವುದಕ್ಕಿಂತ ನಾಚಿಕೆ ಕೆಲಸಗಾರನಿಗೆ ಬೇರೆ ಇಲ್ಲ. ಅಪ್ಪ ಕಲಿಸಿದ ಮರ್ಯಾದೆ ಅದು.

ಡಿಸೆಂಬರ್ ಬಂತು, ಪ್ರದರ್ಶನಕ್ಕೆ ಇನ್ನೊಂದೇ ದಿನ. ವಿಸ್ಟಿನ್ ಬೆಳಿಗ್ಗೆ ಕೆಲಸಕ್ಕೆ ಓಡುವ ಅವಸರದಲ್ಲಿ ಮುಗಿಸಿದ ವಿಮಾನವನ್ನು ಅವಳ ಮೇಜಿನ ಮೇಲಿಟ್ಟು, ಸಂಜೆ ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸೋಣ ಅಂದು ಹೋದ. ಅದರ ನೀಲಿಯ ಪುಟ್ಟ ಶೀಶೆ ಮೊದಲೇ ಅವಳ ಹತ್ತಿರವಿತ್ತು. ಕೊಟ್ಟಿಗೆಯ ನೆಲದ ಮೇಲೆ ಬಣ್ಣ ತೊಟ್ಟಿಕ್ಕಿದ ಕಲೆಗಳನ್ನು ಹಾಕಲು ಬೇಕಾಗಿತ್ತು.

ಮಾರ್ತೀಸ್ ವಿಮಾನವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಗೆಯ ಮಸಿ, ಸವೆದ ಅಂಚು, ಬಿಸಿಲಿಗೆ ಮಾಸಿದ ರೆಕ್ಕೆ... ಇವೆಲ್ಲ ಅವನು ಬೇಕೆಂದೇ ಮಾಡಿದ್ದು, ಅವಳಿಗೆ ಗೊತ್ತು. ಆದರೆ ಬಾಲದ ಹತ್ತಿರ, ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ನೀಲಿ ಎದ್ದುಹೋಗಿ ಕೆಳಗಿನ ಮರಳುಬಣ್ಣ ಕಾಣುತ್ತಿತ್ತು. ಕಳೆದ ವಾರ ಅದು ಇರಲಿಲ್ಲ.

'ಅಯ್ಯೋ, ಹಸಿ ಇರುವಾಗ ಚಿಮಟದ ತುದಿ ತಾಕಿಸಿಬಿಟ್ಟಿದ್ದಾನೆ... ದಣಿದು ಬಂದು ಮಾಡಿದ್ದಲ್ವಾ. ನಾಳೆ ಸುರ್ ಲೊನ್ಜು ಭೂತಗನ್ನಡಿ ಹಿಡಿದು ನೋಡಿದರೆ ಇವನ ಮಾನ ಹೋಗುತ್ತೆ.'

ಅವಳು ಶೀಶೆ ತೆಗೆದಳು. ಉಸಿರು ಬಿಗಿಹಿಡಿದಳು. ಒಂದೇ ತೊಟ್ಟು ನೀಲಿ. ಕಲೆ ಮಾಯ! ಅವನಿಗಾಗಿ ಏನೋ ಮಾಡಿದೆನೆಂಬ ಸಂತೋಷಕ್ಕೆ ಮಧ್ಯಾಹ್ನವೆಲ್ಲ ಹಾಡು ಗುನುಗುತ್ತಾ ಕುರುಬರ ಮೂಗು ಅಂಟಿಸಿದಳು.

ಸಂಜೆ ಬಂದವನು ವಿಮಾನ ಎತ್ತಿಕೊಂಡ, ತಿರುಗಿಸಿದ, ನಿಂತುಬಿಟ್ಟ.

"ಇಲ್ಲೊಂದು ಗುರುತಿತ್ತು."

"ನೋಡಿದೆ," ಮಾರ್ತೀಸ್ ಮೃದುವಾಗಿ ನಕ್ಕಳು. "ಮುಚ್ಚಿದೆ. ಯಾರಿಗೂ ಹೇಳಲ್ಲ, ಬಿಡು."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದಾಗ ಬಂದದ್ದು ಬೇರೆಯೇ ಮಾತು.

"ನಿನ್ನ ನಂಬಿ ಬಿಟ್ಟುಹೋದೆ ಮಾರ್ತೀಸ್. ಕೇಳ್ಬೇಕು ಅಂತಲೂ ಅನ್ನಿಸ್ಲಿಲ್ವಾ? ನಿಮ್ಮ ಗೋದಲಿಯೋರಿಗೆ ಎಲ್ಲಾ ಚೆಂದ ಕಾಣ್ಬೇಕು. ನಿಜ ಬೇಡ."

ಇಷ್ಟು ತಿಂಗಳ ಮೇಲೆ ಮತ್ತೆ ಅದೇ ಮಾತು!  ಅಳುವವಳಲ್ಲ ಅವಳು.

"ಒಂದು ಸಾಸಿವೆ ಕಾಳಿಗೆ ಇಷ್ಟು ಮಾತಾ? ನಿನ್ನ ವಿಮಾನ ತಗೊಂಡು ಹೋಗು ವಿಸ್ಟಿನ್. ನನ್ನ ಕೊಟ್ಟಿಗೆ ಖಾಲಿ ಇದ್ರೂ ಪರವಾಗಿಲ್ಲ."

ಅವನು ಹೋದ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ತಿರುಗಿ ನೋಡದೆ.

ಮಾರ್ತೀಸ್ ಖಾಲಿ ಕೊಟ್ಟಿಗೆಯ ಮುಂದೆ ಕೂತಳು. ಅವನಿಗೆ ನನಗಿಂತ ಬಣ್ಣವೇ ಹೆಚ್ಚಾಯಿತಲ್ಲ...  ಅದರ ಮೇಲೆ ಇನ್ನೊಂದು ಚಿಂತೆ, ಅಜ್ಜಿಗೆ ಏನು ಹೇಳುವುದು?

ಮನೆಗೆ ಬಂದರೆ ಅಜ್ಜಿ ನಾಳೆಗೆಂದು ಚರ್ಚಿನ ಪೂಜೆಗೆ ಹಾಕುವ ಕಪ್ಪು ಉಡುಪು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹರಡಿದ್ದಳು. ಮೊಮ್ಮಗಳು ತಟ್ಟೆಗೆ ಕೈ ಹಾಕಿದ್ದೇ, ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು. ಬೆರಳ ತುದಿಯಲ್ಲಿ ನೀಲಿ.

"ಇದು ಅದೇ ನೀಲಿ," ಅಂದಳು ಅಜ್ಜಿ. "ನಿನ್ನ ಕೈಗೆ ಹೇಗೆ ಬಂತು?"

ಮಾರ್ತೀಸ್ ನಡೆದದ್ದನ್ನು ಹೇಳಿದಳು. ಬಾಲದ ಹತ್ತಿರದ ಗುರುತು ಅಂದದ್ದೇ ತಡ, ಅಜ್ಜಿ ಕುಸಿದು ಕೂತಳು. 

"ಅದು ನಾನು ಕಣೇ."

ಅಜ್ಜಿ ಹೇಳಿದ್ದು ಇಷ್ಟು. ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪನಿಗೆ ಸೂಪಿನ ಕ್ಯಾನು ಒಯ್ದಿದ್ದಳು. ಕೊಟ್ಟಿಗೆಯಲ್ಲಿ ಒಂದು ವಿಮಾನಕ್ಕೆ ಆಗಷ್ಟೇ ನೀಲಿ ಬಳಿದು ಬಿಟ್ಟಿದ್ದರು. ಅಷ್ಟು ಚೆಂದದ ನೀಲಿಯನ್ನು ಅವಳು ಕಂಡಿರಲಿಲ್ಲ. ಯಾರೂ ನೋಡದಾಗ ಅಂಗೈ ಒತ್ತಿಬಿಟ್ಟಳು. ಕೈಯೆಲ್ಲ ನೀಲಿ, ವಿಮಾನದ ಮೇಲೆ ಐದು ಬೆರಳು. ವಿಮಾನ ಹಾರಿಸುವ ಹುಡುಗನೊಬ್ಬ ಅದನ್ನು ಕಂಡ. ಬೈಯಲಿಲ್ಲ, ನಕ್ಕು ಹತ್ತಿ ಕೂತ. ವಿಮಾನ ಅವಳ ಕೈಗುರುತು ಹೊತ್ತುಕೊಂಡು ಹಾರಿತು. ಮರುದಿನ ಕೊಟ್ಟಿಗೆ ಖಾಲಿ. ಅದರ ಮರುದಿನವೂ ಖಾಲಿ.

"ನನ್ನ ಕೈ ತಾಗಿದ್ದಕ್ಕೇ ಅದು ಬಿತ್ತು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ನಿಮ್ಮಜ್ಜನಿಗೂ ಹೇಳ್ಲಿಲ್ಲ. ವಿಸ್ಟಿನ್ ನೀಲಿ ತುಂಡುಗಳನ್ನ ಮುಂದಿಟ್ನಲ್ಲ, ಒಂದನ್ನ ನೋಡಿದ್ದೇ ಕೈ ತಾನಾಗಿ ಮೇಲೆ ಹೋಯ್ತು. ಬಾಯಿ ಬಿಟ್ಟೆ. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡೆ."

"ಅವನೇನಂದ ಅಜ್ಜಿ?"

"ಇಲ್ಲಿ ಮೂರು ವಿಮಾನ ನಿಲ್ದಾಣ ಇದ್ವು, ಹಾರಿದ್ದು ಎಲ್ಲಿ ಜಾಗ ಸಿಕ್ತೋ ಅಲ್ಲಿ ಇಳೀತಿತ್ತು, ಕೊಟ್ಟಿಗೆ ಖಾಲಿ ಇದ್ದ ಮಾತ್ರಕ್ಕೆ ಬಿತ್ತು ಅಂತಲ್ಲ ಅಂದ. ಬದುಕಿತ್ತು ಅಂತ ಸುಳ್ಳೂ ಹೇಳ್ಲಿಲ್ಲ. ನಿಮ್ಮ ಕೈಗುರುತನ್ನ ನಾನು ವಾಪಸ್ ತರ್ತೀನಿ, ನಿಮ್ಮಪ್ಪನ ಕೊಟ್ಟಿಗೆಯಲ್ಲೇ ನಿಲ್ಲಿಸ್ತೀನಿ ಅಂದ."

ಮಾರ್ತೀಸಳ ಕಣ್ಣು ತುಂಬಿ ಹರಿಯಿತು. ಆಣೆಗೆ ಕಟ್ಟುಬಿದ್ದು ತನ್ನೆದುರು ಬಾಯಿ ಕಟ್ಟಿಸಿಕೊಂಡು ನಿಂತಿದ್ದ ಅವನ ಮುಖ ಕಣ್ಣ ಮುಂದೆ ಬಂತು. ಐದು ಬೆರಳು. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಐದು ಬೆರಳು ಬರೆದಿದ್ದ ಅವನು, ಅಜ್ಜಿಗಾಗಿ. ತಾನು ಭೂತಗನ್ನಡಿ ಕೂಡ ಎತ್ತಿಕೊಳ್ಳದೆ ಅಳಿಸಿಹಾಕಿದ್ದಳು.

ಎಷ್ಟು ಹೊತ್ತು ಅತ್ತಾಳು? ಮುಖ ತೊಳೆದಳು. ಕೆಡಿಸಿದ ಕೈಯೇ ಸರಿಮಾಡಬೇಕು. ಮನೆಯಲ್ಲಿದ್ದ ಹಸಿ ಮಣ್ಣು, ತೆಳು ತಂತಿ, ಸೂಜಿ ತೆಗೆದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಜೀವನದಲ್ಲಿ ಮೊದಲ ಸಲ ಒಂದು ಬೊಂಬೆಗೆ ಅಳತೆಪಟ್ಟಿ ಹಿಡಿದಳು. ಅಜ್ಜಿ ಎದುರು ಕುಳಿತು, ಲಂಗ ಎಷ್ಟು ಉದ್ದ ಇತ್ತು, ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ ಅಂತ ಹೇಳುತ್ತಾ ಹೋದಳು. ಚಪ್ಪಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಪ್ರದರ್ಶನ ನಡೆಯುವ ಬ್ಯಾಂಡ್ ಕ್ಲಬ್ಬಿನ ಸಭಾಂಗಣದಲ್ಲಿ ಜನ ಇನ್ನೂ ಸೇರಿರಲಿಲ್ಲ. ವಿಸ್ಟಿನ್ ಖಾಲಿ ಮೇಜಿನ ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ವಿಮಾನ ಹೊರಗೆ ತೆಗೆದಿರಲಿಲ್ಲ. ಸುರ್ ಲೊನ್ಜು ಎರಡು ಸಲ ಬಂದು ಗದರಿಸಿ ಹೋಗಿದ್ದರು.

ಬಾಗಿಲು ತೆರೆಯಿತು. ಮಾರ್ತೀಸ್ ಕೊಟ್ಟಿಗೆಯ ಹಲಗೆ ಹೊತ್ತು ಬಂದಳು. ಹಿಂದೆ ಕೋಲೂರಿಕೊಂಡು ಕಪ್ಪುಡುಪಿನ ಅಜ್ಜಿ.

ಹಲಗೆಯನ್ನು ಅವನ ಮೇಜಿನ ಮೇಲಿಟ್ಟು, ಅವನ ಕಣ್ಣಿಗೆ ಕಣ್ಣು ಕೊಟ್ಟು ನಿಂತಳು.

"ತಪ್ಪು ನಂದು. ಅದು ನಿನ್ನ ಕೈತಪ್ಪು ಅಂದ್ಕೊಂಡೆ. ನಿನ್ನ ಮಾನ ಉಳಿಸೋಣ ಅಂತ ಮುಚ್ಚಿದೆ. ಕೇಳ್ಬೇಕಿತ್ತು, ಕೇಳ್ಲಿಲ್ಲ."

ವಿಸ್ಟಿನ್ ಅಜ್ಜಿಯ ಕಡೆ ನೋಡಿದ. ಅಜ್ಜಿ ತಲೆಯಾಡಿಸಿದಳು.

"ನನ್ನ ಮಾನ..." ವಿಸ್ಟಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ನಾನು ನಿನಗೆ ನಿಜ ಬೇಡ ಅಂದೆ. ನೀನು ನನ್ನನ್ನ ಕಾಪಾಡ್ತಿದ್ದೆ. ಕ್ಷಮಿಸು ಮಾರ್ತೀಸ್."

"ಕ್ಷಮಿಸಿದ್ದಾಯ್ತು. ನೀಲಿ ತಂದಿದ್ದೀನಿ. ಆ ಜಾಗ ಒರೆಸಿ ಮತ್ತೆ ಹಸಿಯಾಗಿ ಬಳಿ."

ಅವಳು ಕರವಸ್ತ್ರ ಬಿಚ್ಚಿದಳು. ಒಳಗೆ ಹೆಬ್ಬೆರಳ ಮೇಲಿನ ಗೆಣ್ಣಿಗಿಂತ ತುಸು ದೊಡ್ಡ ಒಬ್ಬ ಹುಡುಗಿ. ಬರಿಗಾಲು, ಒಂದು ಕೈಯಲ್ಲಿ ಸೂಪಿನ ಕ್ಯಾನು, ಇನ್ನೊಂದು ಕೈ ಮುಂದಕ್ಕೆ ಚಾಚಿತ್ತು. ಬಣ್ಣ ಹಚ್ಚದ ಮಣ್ಣಿನ ಅಂಗೈ, ಬಿಡಿಸಿಟ್ಟ ಐದು ಬೆರಳು.

ವಿಸ್ಟಿನ್ ಅಭ್ಯಾಸಬಲದಿಂದ ಅಳತೆಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದ. ನೋಡಿದ. ಮತ್ತೆ ಜೇಬಿಗಿಟ್ಟ.

"ಕೂದಲೆಳೆಯಷ್ಟೂ ತಪ್ಪಿಲ್ಲ," ಅಂದ ಮೆಲ್ಲಗೆ.

ಅವನು ಹತ್ತಿಯಿಂದ ಅವಳು ಮುಚ್ಚಿದ ಜಾಗವನ್ನು ಒರೆಸಿದ. ಮರಳುಬಣ್ಣ ಕಂಡಿತು. ಅದರ ಮೇಲೆ ತೆಳುವಾಗಿ ನೀಲಿ ಎಳೆದು ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾರ್ತೀಸ್ ಹುಡುಗಿಯನ್ನು ಅಜ್ಜಿಯ ಬೆರಳುಗಳ ನಡುವೆ ಇಟ್ಟು, ತನ್ನ ಕೈಯಿಂದ ಆ ಕೈಯನ್ನು ಸುತ್ತುವರಿದಳು.

"ನೀವೇ ಇಡಿ ಅಜ್ಜಿ," ಅಂದಳು.

ಮೂವರೂ ಉಸಿರು ಬಿಗಿಹಿಡಿದರು.

ಮಣ್ಣಿನ ಅಂಗೈ ನೀಲಿಯನ್ನು ಮುಟ್ಟಿತು. ಒಂದು ಕ್ಷಣ ನಿಂತಿತು. ಹಿಂದಕ್ಕೆ ಬಂದಾಗ ವಿಮಾನದ ಮೇಲೆ ಐದು ಬೆರಳಿನ ಗುರುತು, ಹುಡುಗಿಯ ಅಂಗೈ ತುಂಬ ನೀಲಿ.

ವಿಸ್ಟಿನ್ ವಿಮಾನವನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿದ. ಅಜ್ಜಿ ಹುಡುಗಿಯನ್ನು ವಿಮಾನದ ಬಾಲದ ಪಕ್ಕ ನಿಲ್ಲಿಸಿ, ತನ್ನಪ್ಪನ ಡಬ್ಬಗಳ ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಎಂಟು ದಶಕ ಎದೆಯಲ್ಲಿಟ್ಟುಕೊಂಡ ಅಳು. ಇಬ್ಬರೂ ಅವಳನ್ನು ಎರಡು ಕಡೆಯಿಂದ ಹಿಡಿದು ನಿಂತರು.

ಅಷ್ಟರಲ್ಲಿ ಸುರ್ ಲೊನ್ಜು ಭೂತಗನ್ನಡಿ ಸಮೇತ ಬಂದರು. ಬಾಗಿದರು. ರೆಕ್ಕೆ ನೋಡಿ ಹೂಂ ಅಂದರು, ನೀಲಿ ನೋಡಿ ಮೂಗು ಮುರಿದರು, ಬಾಲದ ಹತ್ತಿರ ಬಂದು ನಿಂತರು.

"ಇದೇನಿದು ಕೈಗುರುತು? ಯಾವ ಫೋಟೋದಲ್ಲೂ ಇಲ್ಲ. ಇದಕ್ಕೆ ಆಧಾರ ಏನ್ರೀ?"

ಅಜ್ಜಿ ಕಣ್ಣೊರೆಸಿಕೊಂಡಳು. ಕೋಲನ್ನು ಮೊಮ್ಮಗಳಿಗೆ ಕೊಟ್ಟು, ಸುಕ್ಕುಗಟ್ಟಿದ ಬಲಗೈಯನ್ನು ಅವರ ಭೂತಗನ್ನಡಿಯ ಕೆಳಗೆ, ಮೇಜಿನ ಮೇಲೆ ಅಂಗಾತ ಬಿಡಿಸಿಟ್ಟಳು.

"ಆಧಾರ ಇದು. ನೋಡ್ಕೊಳ್ಳಿ."

ಸುರ್ ಲೊನ್ಜು ಕಣ್ಣು ಕಣ್ಣು ಬಿಟ್ಟರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸುರ್ ಲೊನ್ಜು?" ಅಂದಳು ಮಾರ್ತೀಸ್.

ಅವರು ಭೂತಗನ್ನಡಿಯನ್ನು ನಿಧಾನಕ್ಕೆ ಜೇಬಿಗಿಳಿಸಿದರು. ಟೋಪಿ ತೆಗೆದರು. ಅಜ್ಜಿಗೊಂದು ಕುರ್ಚಿ ತಾವೇ ತಂದು ಹಾಕಿ, ಆ ದಿನ ಆ ನೀಲಿ ಹೇಗಿತ್ತು ಅಂತ ಒಂದು ಸಲ ಹೇಳ್ತೀರಾ ಅಂತ ವಿನಯದಿಂದ ಕೇಳಿದರು. ಅಜ್ಜಿ ಹೇಳಲು ಶುರುಮಾಡಿದಳು. ಒಬ್ಬೊಬ್ಬರೇ ಮೇಜುಗಳನ್ನು ಬಿಟ್ಟು ಬಂದು ಅವಳ ಸುತ್ತ ನಿಂತರು. ಬೂದುನೀಲಿಯ ಭಾವಮೈದುನನೂ ಬಂದ. ಸುರ್ ಲೊನ್ಜು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟರು.

ಇತ್ತ ಮೇಜಿನ ಹಿಂದೆ ಇಬ್ಬರೇ ಉಳಿದರು. ಬಣ್ಣ ಇನ್ನೂ ಒಣಗುತ್ತಿತ್ತು. ವಿಸ್ಟಿನ್ ಅವಳ ಬೆರಳ ತುದಿಯ ನೀಲಿಯನ್ನು ನೋಡಿ, ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡ.

"ಇನ್ಮೇಲೆ ನನ್ನ ಬಣ್ಣ ಮುಟ್ಟೋ ಮುಂಚೆ ಒಂದು ಮಾತು ಕೇಳು."

"ಕೇಳ್ತೀನಿ. ನೀನೂ ಇನ್ಮೇಲೆ ನನ್ನಿಂದ ಏನೂ ಮುಚ್ಚಿಡ್ಬೇಡ."

"ಇನ್ನೊಂದು ಮುಚ್ಚಿಟ್ಟಿದ್ದೀನಿ," ಅವನು ತಲೆ ತಗ್ಗಿಸಿದ. "ಆ ಹುಲ್ಲಿನ ದಿನದಿಂದ..."

"ಪ್ರದರ್ಶನ ಮುಗಿದ ಮೇಲೆ ನಾನೇ ಹೇಳ್ಬೇಕು ಅಂತಿದ್ದೆ. ನಿನಗೆ ಅವಸರ." ಮಾರ್ತೀಸ್ ಅವನ ಗದ್ದ ಹಿಡಿದೆತ್ತಿದಳು. "ನೀನು ನನಗೆ ಬೇಕು ವಿಸ್ಟಿನ್. ನಿನ್ನ ಅಳತೆಪಟ್ಟಿ ಸಮೇತ."

ಅವನ ಗದ್ದದ ಮೇಲೆ ನೀಲಿಯ ಗುರುತೊಂದು ಮೂಡಿತು. ಒರೆಸಲು ಅವಳು ಕರವಸ್ತ್ರ ಎತ್ತಿದಳು.

ಅವನು ಅವಳ ಕೈ ತಡೆದ.

"ಅದನ್ನ ಮುಚ್ಚಬೇಡ," ಅಂದ. "ಇರ್ಲಿ."